ಐದನೇ ಸೀಟು

ನಮ್ಮ ರೋಯಿಂಗ್ ಕ್ಲಬ್ಬಿಗೆ ಎಂಟರ ದೋಣಿ ಬಂದು ಎರಡು ವರ್ಷವಾದರೂ ಅದು ನೀರು ಕಂಡಿರಲಿಲ್ಲ. ಬೇರೊಂದು ಕ್ಲಬ್ಬಿನವರು ಹಳೆಯದಾಯಿತೆಂದು ಕೊಟ್ಟಿದ್ದು. ಸುಮಾರು 18 ಮೀಟರ್ ಉದ್ದ, ಅರ್ಧ ಶೆಡ್ಡು ಅದಕ್ಕೇ ಬೇಕು. ಹುಟ್ಟು ಹಾಕಲು ಎಂಟು ಜನ, ದಾರಿ ನೋಡಿ ಚುಕ್ಕಾಣಿ ಹಿಡಿಯಲು ಕಾಕ್ಸ್ ಒಬ್ಬರು. ಒಂದೇ ಬೆಳಗ್ಗೆ ಒಂಬತ್ತು ಜನ ಎದ್ದು ಬರುವುದೆಂದರೆ ಸುಮ್ನೆ ಮಾತಲ್ಲ.

ನಾವು ಶುರು ಮಾಡಿದಾಗ ಇದ್ದದ್ದು ನಾಲ್ಕು ಜನ, ಎರವಲು ತಂದ ಇಬ್ಬರ ದೋಣಿ ಒಂದು. ಕ್ಲಬ್ಬಿನ ಪುಸ್ತಕದ ಮೊದಲ ಸಾಲು ನಾನೇ ಬರೆದದ್ದು: 'ನೀರಿಗಿಳಿಯಬೇಕು ಅನ್ನುವವರಿಗೆ ಇಲ್ಲ ಅನ್ನಬಾರದು.' ಬರೆಯುವಾಗ ಕೈ ನಡುಗಲಿಲ್ಲ.

ಆ ಭಾನುವಾರ ಏಳು ಜನ ಇದ್ದೆವು, ಕಾಕ್ಸ್ ಬೇರೆ. ಎಂಟನೆಯವರಾಗಿ ಕೋಲು ತಟ್ಟುತ್ತಾ ಬಂದವರು ಮೇಷ್ಟ್ರು. ನಿವೃತ್ತರು, ಕಣ್ಣು ಕಾಣುವುದಿಲ್ಲ. ಈಜು ಪರೀಕ್ಷೆಯಲ್ಲಿ ಪಾಸಾಗಿದ್ದರು, ಒಳಗಿನ ರೋಯಿಂಗ್ ಮಷೀನಿನ ಮೇಲೆ ತಿಂಗಳು ಪೂರ್ತಿ ಬೆವರು ಹರಿಸಿದ್ದರು. ಕಾಲಿನ ಬಲದಿಂದಲೇ ದೋಣಿ ಓಡುತ್ತದೆ ಅನ್ನುವುದನ್ನು ನಮ್ಮ ಜಿಮ್ ಹುಡುಗರಿಗಿಂತ ಬೇಗ ಕಲಿತಿದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ 2008ರಿಂದಲೇ ರೋಯಿಂಗ್ ಇದೆ, ಕಣ್ಣು ಕಾಣದವರೂ ಅಲ್ಲಿ ಸ್ಪರ್ಧಿಸುತ್ತಾರೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ, "ಮೊದಲು ಸಣ್ಣ ದೋಣಿಯಲ್ಲಿ ಅಭ್ಯಾಸ ಆಗಲಿ ಮೇಷ್ಟ್ರೇ" ಅಂದೆ. ಸಣ್ಣ ದೋಣಿಯೇ ಜಾಸ್ತಿ ಹೊಯ್ದಾಡುವುದು! ನನ್ನ ಬಾಯಿಗೆ ಬಂದ ನೆಪ ಅದು.

ಅವರು ನಕ್ಕರು. "ನೀವೂ ಹೋಗೋ ದಿಕ್ಕಿಗೆ ಬೆನ್ನು ಹಾಕಿಯೇ ಕೂರೋದು ಅಲ್ವಾ? ಮುಂದೆ ಏನಿದೆ ಅಂತ ನಿಮಗೆ ಕಾಣುತ್ತಾ?"

ಕಾಕ್ಸ್ ಹುಡುಗಿ ಕೇಳಿಯೂ ಕೇಳದವಳ ಹಾಗೆ ಅವರ ಕೈ ಹಿಡಿದು ಐದನೇ ಸೀಟಿಗೆ ಕೂರಿಸಿದಳು. ನನ್ನದು ನಾಲ್ಕು, ಅವರ ಬೆನ್ನ ಹಿಂದೆ.

ಹೊರಟೆವು. ಸೀಟಿನ ಗಾಲಿಗಳು ಒಟ್ಟಿಗೆ ಹಿಂದೆ ಮುಂದೆ ಉರುಳಬೇಕು, ಎಂಟು ಹುಟ್ಟುಗಳು ಒಟ್ಟಿಗೆ ನೀರಿಗಿಳಿಯಬೇಕು. ಮೇಷ್ಟ್ರು ತಪ್ಪುತ್ತಾರೆ, ಈಗ ತಪ್ಪುತ್ತಾರೆ ಅಂತ ನಾನು ಅವರ ಹುಟ್ಟನ್ನೇ ನೋಡುತ್ತಾ ಕೂತೆ. ಅವರು ತಪ್ಪಲಿಲ್ಲ. ಗಾಲಿಯ ಸದ್ದು, ಹುಟ್ಟು ತಿರುಗುವಾಗಿನ ಟಕ್ ಸದ್ದು, ಅಷ್ಟು ಸಾಕಿತ್ತು ಅವರಿಗೆ.

ತಪ್ಪಿದ್ದು ನಾನು. ನನ್ನ ಹುಟ್ಟು ಓರೆಯಾಗಿ ನೀರಿಗಿಳಿದು ಸಿಕ್ಕಿಕೊಂಡಿತು. ಇದಕ್ಕೆ ಕ್ರ್ಯಾಬ್ ಹಿಡಿಯೋದು ಅಂತಾರೆ, ಒಳಗಿಂದ ಏಡಿ ಕಚ್ಚಿ ಎಳೆದ ಹಾಗೆ. ಹಿಡಿ ಹೊಟ್ಟೆಗೆ ಬಡಿಯಿತು, ದೋಣಿ ವಾಲಿತು, ಎಲ್ಲರೂ ಹುಟ್ಟು ಹಾಕುವುದು ನಿಲ್ಲಿಸಿದರು.

ಮೇಷ್ಟ್ರು ತಿರುಗಲೂ ಇಲ್ಲ. "ನಾಲ್ಕನೇ ಸೀಟಾ?" ಅಂದರು.

ದೋಣಿಯೆಲ್ಲ ನಕ್ಕಿತು. ಹೊಟ್ಟೆ ಹಿಡಿದುಕೊಂಡೇ ನಾನೂ ನಕ್ಕೆ.

ಆ ಸುದ್ದಿ ಹೇಗೆ ಹಬ್ಬಿತೋ, ಮುಂದಿನ ಭಾನುವಾರ ಹನ್ನೊಂದು ಜನ ಬಂದಿದ್ದರು. ಅದರಲ್ಲಿ ಒಬ್ಬರು ಮೇಷ್ಟ್ರ ಹಳೇ ವಿದ್ಯಾರ್ಥಿನಿ, ಅರವತ್ತರ ಹತ್ತಿರದವರು. ಕಾಕ್ಸ್ ಸೀಟು ಹಂಚಿದಳು. ಐದು ಮೇಷ್ಟ್ರಿಗೆ. ನನಗೆ ದಡದಲ್ಲಿ ನಿಂತು ಚಪ್ಪಲಿ ಕಾಯುವ ಕೆಲಸ.