ಜಿ ಶಾರ್ಪ್ ಬಿಟ್ಟುಹೋದ ಹಾಳೆ

ಮಂಗಳೂರಿನಲ್ಲಿ ಕೀಬೋರ್ಡ್ ಕಲಿಸುವುದು ನನ್ನ ಕಸುಬು. ಭಾನುವಾರ ನಮ್ಮ ಚರ್ಚಿನ ಸಭೆಯ ಆರಾಧನೆಗೂ ನಾನೇ ನುಡಿಸುತ್ತೇನೆ. ಮೊನ್ನೆ ಒಂದು ಮದುವೆಯಲ್ಲಿ ನನ್ನ ಜಾಗದಲ್ಲಿ ಶಿಷ್ಯೆಯನ್ನು ಕೂರಿಸಿದೆ. ಒಂಬತ್ತನೆಯ ತರಗತಿಯ ಹುಡುಗಿ, ತಾಳದಲ್ಲಿ ಗಟ್ಟಿ. ಅವಳಿಗೆಂದು ಅಲ್ಲಿ ಹಾಡುವ ಗೀತೆಯ ಕಾರ್ಡುಗಳನ್ನು, ಅಂದರೆ ಒಟ್ಟಿಗೆ ಒತ್ತುವ ಸ್ವರಗುಂಪುಗಳನ್ನು, ಸುಲಭ ಮಾಡಿ ಬರೆದುಕೊಟ್ಟವಳು ನಾನು. ಸಿ, ಎಫ್, ಜಿ, ಎ ಮೈನರ್, ನಾಲ್ಕೇ.

ಗೀತೆಯ ಪುಸ್ತಕದಲ್ಲಿ ಮೂರನೆಯ ಸಾಲಿನ ಕೊನೆಗೆ, ಎ ಮೈನರ್‌ಗೆ ಹೋಗುವ ಮುನ್ನ, ಇ ಸೆವೆನ್ ಎಂಬ ಇನ್ನೊಂದು ಕಾರ್ಡು ಇತ್ತು. ಅಲ್ಲಿ ಹಾಡಿನ ಸ್ವರ ಇ. ಸಿ ಕಾರ್ಡಿನಲ್ಲೂ ಇ ಇದೆಯಲ್ಲ, ಅದೇ ಸಾಕು ಎಂದುಕೊಂಡೆ. ಸಿನಿಮಾ ಹಾಡು ಕಲಿಸುವಾಗ ಎಷ್ಟೋ ಸಲ ಹೀಗೆ ಮಾಡಿದ್ದೇನೆ. ಒಬ್ಬರೇ ಹಾಡುವಲ್ಲಿ ಬಣ್ಣ ತುಸು ಮಂಕಾಗುತ್ತದೆ, ಅಷ್ಟೇ. ಆದರೆ ಇಲ್ಲಿ ಹಾಡುವವರು ಒಬ್ಬರಲ್ಲ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಕಾಲಿಟ್ಟ ಮೇಲೆ ನಮ್ಮಂಥ ಸಭೆಗಳಲ್ಲಿ ನಾಲ್ಕು ದನಿಗಳು ಬೇರೆ ಬೇರೆ ಸ್ವರ ಹಿಡಿದು ಒಟ್ಟಿಗೆ ಹಾಡುವ ಹಾಡಿಕೆ ಬೇರುಬಿಟ್ಟಿದೆ. ಅದನ್ನು ಕೇಳಿಯೇ ಬೆಳೆದವಳು ನಾನು, ಆದರೂ ಮರೆತೆ.

ಶನಿವಾರ ಸಂಜೆ ಒಂದೇ ಅಭ್ಯಾಸ. ಎರಡು ಬೇಕೆಂದು ವರ್ಷಗಳಿಂದ ಕೇಳುತ್ತಿದ್ದೇನೆ, ಸಮಿತಿಯವರಿಗೆ ಕರೆಂಟು ಬಿಲ್ಲಿನದೇ ಚಿಂತೆ. ಸಮಯಕ್ಕೆ ಬಂದವರು ಮುಖ್ಯ ರಾಗ ಹಾಡುವ ಸೊಪ್ರಾನೊಗಳು, ಅಂದರೆ ಮೇಲಿನ ದನಿಯ ಹೆಂಗಸರು, ಮಾತ್ರ. ಅವರೊಂದಿಗೆ ಎಲ್ಲವೂ ಸರಿಯಾಗಿಯೇ ಕೇಳಿಸಿತು.

ಮದುವೆಯ ದಿನ ಎರಡು ಸಾಲು ಸರಾಗವಾಗಿ ಸಾಗಿದವು. ಮೂರನೆಯ ಸಾಲಿನ ಕೊನೆಯಲ್ಲಿ ಗಂಡಸರ ಮೇಲಿನ ದನಿ ಹಾಡುವ ಟೆನರ್‌ಗಳಿಬ್ಬರೂ ಎಂದಿನ ಧೈರ್ಯದಿಂದ ಇ ಸೆವೆನ್‌ನಲ್ಲಿರುವ ಜಿ ಶಾರ್ಪ್ ಹಿಡಿದರು. ಕೀಬೋರ್ಡಿನಿಂದ ಸಿ ಕಾರ್ಡಿನ ಬರಿಯ ಜಿ ಬಂತು. ಅಕ್ಕಪಕ್ಕದ ಎರಡು ಸ್ವರಗಳು ಒಂದಕ್ಕೊಂದು ಉಜ್ಜಿಕೊಂಡವು. ಮುಂದಿನ ಬೆಂಚಿನಲ್ಲಿದ್ದ ಮದುಮಗಳ ತಾಯಿ ತಲೆಯೆತ್ತಿದರು. ಒಬ್ಬ ಟೆನರ್ ಸುಮ್ಮನಾದರು, ಇನ್ನೊಬ್ಬರು ಮತ್ತಷ್ಟು ಜೋರಾದರು. ಹುಡುಗಿ ಬೆಚ್ಚಿ ಕೈಯೆತ್ತಿ, ಹಾಳೆ ನೋಡಿ, ಮತ್ತೆ ಅದೇ ಸಿ ಒತ್ತಿದಳು. ನಾನು ಕೈ ಚಾಚಿ ವಾಲ್ಯೂಮ್ ಪೂರ್ತಿ ಇಳಿಸಿದೆ. ಕೊನೆಯ ಸಾಲನ್ನು ಅವರು ವಾದ್ಯವಿಲ್ಲದೆಯೇ ಹಾಡಿದರು. ಇನ್ನೂ ಎರಡು ಚರಣ ಉಳಿದಿದ್ದವು. "ಮೂರನೆಯ ಸಾಲಿನ ಕೊನೆಗೆ ಏನೂ ಒತ್ತಬೇಡ" ಎಂದು ಅವಳ ಕಿವಿಯಲ್ಲಿ ಹೇಳಿ ವಾಲ್ಯೂಮ್ ಏರಿಸಿದೆ.

ಹೊರಗೆ ಬಂದು ಅವಳು ಕೇಳಿದಳು, "ಟೀಚರ್, ನಾನು ಎಲ್ಲಿ ತಪ್ಪಿದೆ?" ಕಣ್ಣು ತುಂಬಿತ್ತು. ನೀನು ತಪ್ಪಲಿಲ್ಲ, ನನ್ನ ಹಾಳೆಯೇ ತಪ್ಪು ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಅದೇ ಈಗಲೂ ನೋಯುತ್ತದೆ.

ಕಾರ್ಡು ಸುಲಭ ಮಾಡುವುದನ್ನು ನಾನು ಬಿಟ್ಟಿಲ್ಲ. 'ಸೈಲೆಂಟ್ ನೈಟ್' 1818ರಲ್ಲಿ ಆಸ್ಟ್ರಿಯಾದಲ್ಲಿ ಮೊದಲ ಸಲ ಕೇಳಿಸಿದ್ದು ಒಂದು ಗಿಟಾರಿನೊಂದಿಗೆ. ಮೂರೇ ಕಾರ್ಡುಗಳಲ್ಲಿ ಇಂದಿಗೂ ಚೆನ್ನಾಗಿ ನಿಲ್ಲುತ್ತದೆ. ಈಗ ಕಾರ್ಡನ್ನು ಬದಲಿಸದೆ ಬೆರಳುಗಳನ್ನು ಕಡಿಮೆ ಮಾಡುತ್ತೇನೆ. ಇ ಸೆವೆನ್‌ಗೆ ಎಡಗೈಯಲ್ಲಿ ಇ, ಬಲಗೈಯಲ್ಲಿ ಇ ಮತ್ತು ಜಿ ಶಾರ್ಪ್, ಉಳಿದದ್ದು ಬೇಡ. ಮೂರು ಬೆರಳಿನ ಸಿ ಗಿಂತ ಇದೇ ಹಗುರ. ಬರೆಯುವ ಮೊದಲು ನಾಲ್ಕೂ ದನಿಗಳನ್ನು ಒಂದೊಂದಾಗಿ ನುಡಿಸಿ ನೋಡುತ್ತೇನೆ.

ಅಭ್ಯಾಸ ಇನ್ನೂ ಒಂದೇ. ಹಾಗಾಗಿ ಟೆನರ್‌ಗಳು ಶುಕ್ರವಾರದೊಳಗೆ ತಮ್ಮ ಸಾಲನ್ನು ಹಾಡಿ ಮೊಬೈಲ್‌ನಲ್ಲಿ ಕಳುಹಿಸುತ್ತಾರೆ. ಹುಡುಗಿ ಅದಕ್ಕೆ ಕಿವಿಗೊಟ್ಟು ಕೂತು ನುಡಿಸುತ್ತಾಳೆ.