ತೇವಾಂಶ ಮಾಪಕಕ್ಕೆ ಗೊತ್ತಿಲ್ಲದ ಸಂಗತಿ

ಒಣಗಿದ ಕಾಫಿಯನ್ನು ಸುಲಿದು ವಿಂಗಡಿಸುವ ಕ್ಯೂರಿಂಗ್ ಘಟಕದಲ್ಲಿ ಸರಕಿನ ಗುಣಮಟ್ಟ ನೋಡುವುದು ನನ್ನ ಕೆಲಸ. ಚೀಲ ಇಳಿಸಿದ ಕೂಡಲೇ ಬೆಳೆಗಾರರು ಕೇಳುವುದು ಒಂದೇ: "ಮಾಯಿಶ್ಚರ್ ಎಷ್ಟು ಬಂತು ಸಾರ್?" ರೋಬಸ್ಟಾ ಚೆರಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣಿಗೆ, ಶೇಕಡಾ 11 ಬಂದರೆ ಇಬ್ಬರಿಗೂ ನೆಮ್ಮದಿ. ಆದರೆ ಆ ಅಂಕಿ ಇವತ್ತಿನದು. ಹಣ್ಣು ಕಣದಲ್ಲಿದ್ದಾಗ ಏನಾಯಿತೆಂಬುದು ಮಾಪಕಕ್ಕೆ ತಿಳಿಯದು, ನನಗೆ ಬೇಕಾದದ್ದು ಅದೇ.

ಕೊಯ್ಲಿನ ನಡುವೆ ಅಕಾಲಿಕ ಮಳೆ ಬಂದರೆ ಅರ್ಧ ಒಣಗಿದ ಹಣ್ಣನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸುತ್ತಾರೆ. ಒಳಗೆ ಬಿಸಿಯೇರಿ ಬೆವರುತ್ತದೆ. ಆಸ್ಪರ್ಜಿಲಸ್ ಗುಂಪಿನ ಕೆಲವು ಬೂಷ್ಟುಗಳಿಗೆ ಅಷ್ಟು ಸಾಕು, ಆಕ್ರಾಟಾಕ್ಸಿನ್-ಎ ಎಂಬ ವಿಷ ತಯಾರಾಗುತ್ತದೆ. ಬಿಸಿಲು ಬಂದು ಒಣಗಿದ ಮೇಲೆ ಬೂಷ್ಟು ಬೆಳೆಯುವುದು ನಿಲ್ಲುತ್ತದೆ, ಸೇರಿದ ವಿಷ ಉಳಿಯುತ್ತದೆ. ಹುರಿದಾಗ ಒಂದಷ್ಟು ತಗ್ಗಿದರೂ ಪೂರ್ತಿ ಹೋಗುವುದಿಲ್ಲ.

ದೇಹ ಸೇರಿದ ಈ ವಿಷ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ವಾರಗಟ್ಟಲೆ ಸುತ್ತುತ್ತದೆ. ಬೇಡದ್ದನ್ನು ಹೊರಹಾಕಲೆಂದು ಮೂತ್ರಪಿಂಡದ ಸೂಕ್ಷ್ಮನಾಳಗಳ ಜೀವಕೋಶಗಳಲ್ಲಿರುವ ಸಾಗಣೆ ಪ್ರೋಟೀನುಗಳೇ ಅದನ್ನು ಒಳಕ್ಕೆಳೆದುಕೊಳ್ಳುತ್ತವೆ. ಮೂತ್ರಕ್ಕೆ ಇಳಿದದ್ದರಲ್ಲೂ ಒಂದು ಪಾಲು ಮರಳಿ ಹೀರಿಕೆಯಾಗುತ್ತದೆ. ಹೀಗೆ ಅಲ್ಲೇ ಸೇರುತ್ತಾ ಕೋಶಗಳನ್ನು ಕೆಡಿಸುತ್ತದೆ. ಡೆನ್ಮಾರ್ಕಿನಲ್ಲಿ ಬೂಷ್ಟು ಹಿಡಿದ ಬಾರ್ಲಿ ತಿಂದ ಹಂದಿಗಳ ಮೂತ್ರಪಿಂಡ ಊದಿ ಬಿಳಿಚಿಕೊಂಡದ್ದಕ್ಕೆ ಇದೇ ಕಾರಣವೆಂದು 1970ರ ದಶಕದಲ್ಲಿ ತೋರಿಸಿಕೊಟ್ಟರು. ಮನುಷ್ಯರ ವಿಷಯದಲ್ಲಿ ಚಿತ್ರ ಇಷ್ಟು ಸ್ಪಷ್ಟವಿಲ್ಲ. ಆಗ್ನೇಯ ಯುರೋಪಿನ ಬಾಲ್ಕನ್ ಹಳ್ಳಿಗಳ ರೈತರ ಮೂತ್ರಪಿಂಡ ರೋಗಕ್ಕೂ ಬಹಳ ಕಾಲ ಇದನ್ನೇ ದೂರಿದ್ದರು. ಈಗಿನ ಬಲವಾದ ಪುರಾವೆಗಳು ಬೊಟ್ಟು ಮಾಡುವುದು ಗೋಧಿಯೊಂದಿಗೆ ಬೀಸಿಹೋಗುತ್ತಿದ್ದ ಒಂದು ಕಳೆಯ ಬೀಜದತ್ತ, ಅದರಲ್ಲಿನ ಅರಿಸ್ಟೊಲೋಕಿಕ್ ಆಮ್ಲದತ್ತ. ಅದೂ ಆಹಾರದೊಳಗೆ ನುಸುಳಿದ ಕಲ್ಮಶವೇ, ಆದರೆ ಬೂಷ್ಟಿನದಲ್ಲ.

ಇದನ್ನು ಓದಿ ಯಾರೂ ಲೋಟ ಕೆಳಗಿಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ (ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ) ಜಂಟಿ ತಜ್ಞ ಸಮಿತಿ ಇಟ್ಟ ವಾರದ ಮಿತಿ, ದೇಹತೂಕದ ಪ್ರತಿ ಕಿಲೋಗೆ 100 ನ್ಯಾನೋಗ್ರಾಂ. 60 ಕಿಲೋ ತೂಗುವವರಿಗೆ 6 ಮೈಕ್ರೋಗ್ರಾಂ ಆಯಿತು. ಯುರೋಪಿನ ಇಂದಿನ ಮಿತಿಯಾದ ಕಿಲೋಗೆ 3 ಮೈಕ್ರೋಗ್ರಾಂ ಇರುವ, ಒಂದು ಲೋಟದ 10 ಗ್ರಾಂ ಪುಡಿಯಲ್ಲಿ ಬರುವುದು 0.03 ಮೈಕ್ರೋಗ್ರಾಂ. ಅಂದರೆ ಆ ಮಿತಿ ಮುಟ್ಟಲು ವಾರಕ್ಕೆ 200 ಲೋಟ ಬೇಕು. ಆದರೆ ಧಾನ್ಯ, ಒಣದ್ರಾಕ್ಷಿ, ಮೆಣಸಿನಕಾಯಿಯಿಂದಲೂ ಈ ವಿಷ ಬರುತ್ತದೆ, ಎಲ್ಲಕ್ಕೂ ಲೆಕ್ಕ ಒಂದೇ. ಹುರಿದ ಕಾಫಿಯ ಮಿತಿಯನ್ನು 2023ರ ಜನವರಿಯಿಂದ ಯುರೋಪ್ 5ರಿಂದ 3ಕ್ಕೆ ಇಳಿಸಿದಾಗ ನಮ್ಮಲ್ಲಿ ಗೊಣಗಿದವರಿದ್ದರು. ನಾನು ಆ ಗುಂಪಿನಲ್ಲಿಲ್ಲ.

ಹಾಗಾಗಿ ಮಾಪಕ ನೋಡುವ ಮುಂಚೆ ನಾನು ಕಣದ ಬಗ್ಗೆ ವಿಚಾರಿಸುತ್ತೇನೆ. ಮಳೆಗೆ ಸಿಕ್ಕಿತ್ತೇ? ಗುಡ್ಡೆ ಎಷ್ಟು ದಿನ ಮುಚ್ಚಿತ್ತು? ನೆಲಕ್ಕೆ ಉದುರಿದ ಹಣ್ಣನ್ನೂ ಜೊತೆಗೆ ಸೇರಿಸಿದ್ದೀರಾ? ಚೆರಿ ಕಾಫಿಯಲ್ಲಿ ವಿಷ ಹೆಚ್ಚಾಗಿ ಸಿಪ್ಪೆಯಲ್ಲಿರುವುದರಿಂದ, ಸುಲಿದ ಮೇಲೆ ಬೀಜದೊಂದಿಗೆ ಉಳಿದ ಹೊಟ್ಟಿನ ಚೂರುಗಳನ್ನೂ ನೋಡುತ್ತೇನೆ. ಅನುಮಾನವಿದ್ದರೆ ಆ ಚೀಲಗಳು ಬೇರೆ, ಮಾದರಿ ಪ್ರಯೋಗಾಲಯಕ್ಕೆ.

ಬೇರೆ ಚೀಲವೆಂದರೆ ಬೇರೆ ದರ ಎಂಬುದು ಬೆಳೆಗಾರರಿಗೆ ಗೊತ್ತು. ನಿಜ ಹೇಳಿದವರ ಹಣ ಕತ್ತರಿಸಿ, ಸುಮ್ಮನಿದ್ದವರಿಗೆ ಪೂರ್ತಿ ದರ ಕೊಟ್ಟರೆ ಮುಂದಿನ ಸಲ ಯಾರು ಬಾಯಿ ಬಿಡುತ್ತಾರೆ? ಪರೀಕ್ಷೆಯಲ್ಲಿ ತೇರ್ಗಡೆಯಾದ ಚೀಲಕ್ಕೆ ಪೂರ್ತಿ ದರವನ್ನೇ ಕೊಡಬೇಕು, ಪರೀಕ್ಷೆಯ ಖರ್ಚು ಘಟಕದ್ದೇ ಆಗಬೇಕು ಎಂದು ಮೇಲಿನವರ ಮುಂದೆ ವಾದಿಸುತ್ತಲೇ ಇದ್ದೇನೆ.