ಮೂರು ದಿನದ ಬಾಗಿಲು, ತಿಪ್ಪೆಯ ಮೇಲಿನ ಗುರು

ಮೇಲುಕೋಟೆಗೆ ಹೋದವರು ಸಾಮಾನ್ಯವಾಗಿ ಬೆಟ್ಟ ಹತ್ತಿ, ಕಲ್ಯಾಣಿ ನೋಡಿ, ಪುಳಿಯೋಗರೆ ತಿಂದು ವಾಪಸ್ ಬರುತ್ತಾರೆ. ನಾನು ಈ ಸಲ ಒಂದು ಪ್ರಶ್ನೆ ಇಟ್ಟುಕೊಂಡು ಹೊರಟಿದ್ದೆ. ದೇವರ ಮುಂದೆ ಎಲ್ಲರೂ ಒಂದೇ ಎಂದು ಎಲ್ಲ ಧರ್ಮಗಳೂ ಹೇಳುತ್ತವೆ. ಹಾಗಿದ್ದರೆ ಮೇಲು-ಕೀಳು ಒಳಗೆ ಬಂದಿದ್ದು ಹೇಗೆ? ಅದನ್ನು ಹೊರಗೆ ಹಾಕಲು ಯಾರು ಏನು ಮಾಡಿದರು? ನಮ್ಮ ಮೈಸೂರು-ಮಂಡ್ಯ ಸೀಮೆಯಲ್ಲಿ ಇದರ ಕಥೆ ಊರೂರಲ್ಲೂ ಸಿಗುತ್ತದೆ. ಜೊತೆಗೆ ಸೋದರಮಾವ ಬಂದರು. ಮಳವಳ್ಳಿ ಕಡೆಯವರು, ರಿಟೈರ್ ಆದ ಮೇಷ್ಟ್ರು. ಕಾರು ಓಡಿಸುವುದೆಂದರೆ ಅವರಿಗೆ ಈಗಲೂ ಖುಷಿ.

ಮೊದಲು ನಿಂತಿದ್ದು ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚ್‌ನಲ್ಲಿ. ಈ ಕಟ್ಟಡಕ್ಕೆ 1933ರಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದವರಿಗೂ ಜಾಗ ಸಿಗಲಿ ಎಂದು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದೂ ಇದೇ ಅರಸರು. ಬೆಳಗಿನ ಹೊತ್ತು ಚರ್ಚ್ ಒಳಗೆ ಜಾಸ್ತಿ ಜನ ಇರಲಿಲ್ಲ. ಏಸು ಹೇಳಿದ ಸಮಾರಿಯದವನ ಕಥೆ ನೆನಪಾಯಿತು. ಕಳ್ಳರ ಕೈಯಲ್ಲಿ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಪೂಜಾರಿ ನೋಡಿಕೊಂಡು ಮುಂದೆ ಹೋಗುತ್ತಾನೆ. ಎತ್ತಿ ಉಪಚಾರ ಮಾಡುವವನು ಎಲ್ಲರೂ ತಿರಸ್ಕರಿಸುತ್ತಿದ್ದ ಸಮಾರಿಯದ ಮನುಷ್ಯ. ಇದಕ್ಕಿಂತ ನೇರವಾಗಿ ಹೇಳಲು ಸಾಧ್ಯವಿಲ್ಲ. ಆದರೂ ನಮ್ಮ ನಾಡಿನಲ್ಲಿ ಚರ್ಚ್ ಮೆಟ್ಟಿಲನ್ನು ಜಾತಿಯೂ ಹತ್ತಿತು. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1ರಲ್ಲಿ ಪರಿಶಿಷ್ಟ ಜಾತಿಯಿಂದ ಮತಾಂತರವಾದ ಕ್ರೈಸ್ತರು ಎಂದು ಪ್ರತ್ಯೇಕವಾಗಿ ಬರೆಯಬೇಕಾಗಿ ಬಂದಿದೆ. ಧರ್ಮ ಬದಲಾದರೂ ಊರು ನೋಡುವ ಕಣ್ಣು ಬದಲಾಗಲಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡ ಹಾಗೆ ಅಲ್ವಾ? ಕೇಂದ್ರದ 1950ರ ಆದೇಶ ಮಾತ್ರ ಅವರನ್ನು ಇವತ್ತಿಗೂ ಪರಿಶಿಷ್ಟ ಜಾತಿ ಎಂದು ಎಣಿಸುವುದಿಲ್ಲ. ನನಗೆ ಇದು ದೊಡ್ಡ ಅನ್ಯಾಯವಾಗಿ ಕಾಣುತ್ತದೆ.

ಶ್ರೀರಂಗಪಟ್ಟಣದ ಜಾಮಿಯಾ ಮಸೀದಿಯಲ್ಲೂ ಹೀಗೆಯೇ ಅನಿಸಿತು. ಟಿಪ್ಪು ಕಾಲದ ಮಸೀದಿ, ದೂರದಿಂದಲೇ ಕಾಣುವ ಎರಡು ಮಿನಾರು, ಗೂಡುಗಳ ತುಂಬ ಪಾರಿವಾಳ. ಇಸ್ಲಾಮಿನಲ್ಲಿ ಮೊದಲ ಅಜಾನ್ ಕೂಗಿದವರು ಬಿಲಾಲ್. ಅಬಿಸೀನಿಯಾ ಮೂಲದವರು, ಗುಲಾಮಗಿರಿಯಿಂದ ಬಿಡುಗಡೆಯಾದವರು. ಮೆಕ್ಕಾದ ದೊಡ್ಡ ಮನೆತನದವರೆಲ್ಲ ಇರುವಾಗ ಪ್ರವಾದಿ ಅವರನ್ನು ಆರಿಸಿದರು. ನಮಾಜಿನ ಸಾಲಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಲ್ಲುವಾಗ ಸಾಹುಕಾರ, ಕೂಲಿ ಎಂಬ ಲೆಕ್ಕವಿಲ್ಲ. ಮದುವೆ ಮಾತು ಬಂದಾಗ ಮಾತ್ರ ಲೆಕ್ಕ ಶುರುವಾಗುತ್ತದೆ. ಹತ್ತಿ ಹಿಂಜುವ ಪಿಂಜಾರರನ್ನು, ಅಂದರೆ ನದಾಫರನ್ನು ಬೇರೆಯೇ ಎಂದು ನೋಡುವುದು ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಅವರೂ ಪ್ರವರ್ಗ 1ರಲ್ಲೇ ಇದ್ದಾರೆ.

"ಎಲ್ಲಾರ ಮನೆ ದೋಸೇನೂ ತೂತೇ ಕಣವ್ವ" ಎಂದರು ಮಾವ. ಹಾಗೆಂದು ಬಿಟ್ಟುಬಿಡುವ ಮಾತಲ್ಲ ಇದು ಎಂದೆ. ಅವರೂ ತಲೆಯಾಡಿಸಿದರು.

ಪಾಂಡವಪುರ ದಾಟಿ, ಜಕ್ಕನಹಳ್ಳಿ ಬಂದ ಮೇಲೆ ಮೇಲುಕೋಟೆ ಬೆಟ್ಟ ಸರಿಯಾಗಿ ಕಾಣತೊಡಗುತ್ತದೆ. ಚೋಳರ ರಾಜನ ಕಿರುಕುಳ ತಾಳಲಾರದೆ ರಾಮಾನುಜಾಚಾರ್ಯರು ಹೊಯ್ಸಳ ನಾಡಿಗೆ ಬಂದು, ಇಲ್ಲಿ ನೆಲೆ ನಿಂತರು. ಹನ್ನೆರಡು ವರ್ಷ ಇದ್ದರು ಎಂದು ಸಂಪ್ರದಾಯ ಹೇಳುತ್ತದೆ. ಈ ಮನುಷ್ಯನ ಬಗ್ಗೆ ನನಗೆ ಬಹಳ ಪ್ರೀತಿ. ತಿರುಕೋಷ್ಟಿಯೂರಿನಲ್ಲಿ ಗುರುಗಳು ಯಾರಿಗೂ ಹೇಳಬಾರದೆಂದು ಕೊಟ್ಟ ಮಂತ್ರವನ್ನು ಗೋಪುರ ಹತ್ತಿ ಊರಿಗೆಲ್ಲ ಕೂಗಿ ಹೇಳಿದರಂತೆ. ನಿನಗೆ ನರಕ ಗ್ಯಾರಂಟಿ ಎಂದರೆ, ಇಷ್ಟು ಜನಕ್ಕೆ ಮೋಕ್ಷ ಸಿಗುವುದಾದರೆ ನಾನೊಬ್ಬ ನರಕಕ್ಕೆ ಹೋದರೇನು ಎಂದರಂತೆ.

ಮೇಲುಕೋಟೆಯಲ್ಲಿ ಅವರ ಹೆಸರಿನ ಜೊತೆ ಇನ್ನೆರಡು ಕಥೆ ಸೇರಿಕೊಂಡಿವೆ. ದೇವಸ್ಥಾನದ ಉತ್ಸವಮೂರ್ತಿ ದೆಹಲಿಯ ಸುಲ್ತಾನನ ಅರಮನೆ ಸೇರಿತ್ತು. ಅವನ ಮಗಳು ಅದನ್ನು ಬೊಂಬೆಯಂತೆ ಆಡಿಸುತ್ತಿದ್ದಳು. ಆಚಾರ್ಯರು ಹೋಗಿ ಚೆಲುವಪಿಳ್ಳೆ ಎಂದು ಕರೆದಾಗ ಮೂರ್ತಿ ತಾನೇ ಬಂದು ತೊಡೆಯೇರಿತು. ಅಗಲಿಕೆ ತಾಳದ ಹುಡುಗಿ ಹಿಂದೆಯೇ ಬಂದಳು, ದೇವರಲ್ಲಿ ಐಕ್ಯಳಾದಳು. ಅವಳೇ ಬೀಬಿ ನಾಚಿಯಾರ್. ಇತಿಹಾಸದ ಲೆಕ್ಕಕ್ಕೆ ಇದು ಕೂಡುವುದಿಲ್ಲ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾಗಿದ್ದೇ 1206ರಲ್ಲಿ, ಆಚಾರ್ಯರು ಅದಕ್ಕೆ ಎಷ್ಟೋ ಮುಂಚಿನವರು. ಆದರೂ ನಮ್ಮ ಹಿರಿಯರು ಇಂಥ ಕಥೆಯನ್ನು ಕಟ್ಟಿ, ಮುಸ್ಲಿಂ ಹುಡುಗಿಗೆ ದೇವರ ಪಾದದ ಹತ್ತಿರ ಜಾಗ ಕೊಟ್ಟು, ಇವತ್ತಿನವರೆಗೂ ಉಳಿಸಿಕೊಂಡಿದ್ದಾರೆ. ಶ್ರೀರಂಗದಲ್ಲಿ ಅವಳ ಹೆಸರಲ್ಲಿ ದೇವರಿಗೆ ರೊಟ್ಟಿಯ ನೈವೇದ್ಯವೂ ಇದೆ. ಈಗ ಪಕ್ಕದ ಮನೆಯವರ ಹೆಸರು ಕೇಳಿಯೇ ಮುಖ ತಿರುಗಿಸುವವರು ಈ ಕಥೆಯನ್ನು ಸ್ವಲ್ಪ ನೆನೆಯಬೇಕು.

ಎರಡನೆಯ ಕಥೆಯನ್ನು ನಾನು ದೇವಸ್ಥಾನದ ಹೊರಗಿನ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಯೋಚಿಸಿದೆ. ಮೂರ್ತಿಯನ್ನು ತರುವಾಗ ದಾರಿಯಲ್ಲಿ ಕಷ್ಟ ಬಂತು. ಆಗ ಕಾಪಾಡಿದವರು ಊರಾಚೆಯ ಕೇರಿಯ ಜನ. ಆಚಾರ್ಯರು ಅವರನ್ನು ತಿರುಕುಲದವರು, ಅಂದರೆ ಪವಿತ್ರ ಕುಲದವರು ಎಂದು ಕರೆದು ಗೌರವಿಸಿದರು, ವರ್ಷಕ್ಕೆ ಮೂರು ದಿನ ದೇವಸ್ಥಾನದ ಒಳಗೆ ಬರುವ ಹಕ್ಕು ಕೊಟ್ಟರು ಎಂದು ಹೇಳುತ್ತಾರೆ. ಹನ್ನೆರಡನೆಯ ಶತಮಾನಕ್ಕೆ ಇದು ಸಣ್ಣ ಕೆಲಸವಲ್ಲ. ಆ ಬಾಗಿಲನ್ನು ತೆಗೆಯಲು ಎಂಥ ಎದೆಗಾರಿಕೆ ಬೇಕಿತ್ತು! ನನ್ನ ಸಂಕಟ ಆಮೇಲಿನವರ ಬಗ್ಗೆ. ಅಷ್ಟು ದೊಡ್ಡ ಗುರು ಮೂರು ದಿನ ತೆಗೆದ ಬಾಗಿಲನ್ನು ನಾಲ್ಕನೇ ದಿನಕ್ಕೆ ಒಯ್ಯಲು ಎಂಟುನೂರು ವರ್ಷ ಬೇಕಾಯಿತು. ಅದೂ ಭಕ್ತರಿಂದ ಆಗಲಿಲ್ಲ, ಕಾನೂನಿನಿಂದ ಆಯಿತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನೇ ತೆಗೆದುಹಾಕಿತು. ಗುರು ತೋರಿಸಿದ ದಿಕ್ಕಿನಲ್ಲಿ ಇನ್ನೊಂದು ಹೆಜ್ಜೆ ಇಡುವುದು ಬಿಟ್ಟು, ಗುರು ನಿಂತ ಜಾಗಕ್ಕೆ ಬೇಲಿ ಹಾಕಿಕೊಂಡು ಕೂರುವುದು ಎಲ್ಲ ಧರ್ಮಗಳಲ್ಲೂ ನಡೆದಿದೆ.

ಮಧ್ಯಾಹ್ನ ಪುಳಿಯೋಗರೆ, ಸಕ್ಕರೆ ಪೊಂಗಲ್ ಮುಗಿಸಿ ಮಂಡ್ಯಕ್ಕೆ ಇಳಿದೆವು. ಮೇಲುಕೋಟೆಯ ದೇವರಿಗೆ ಉತ್ಸವದಲ್ಲಿ ತೊಡಿಸುವ ವೈರಮುಡಿ ಕಿರೀಟ ವರ್ಷವೆಲ್ಲ ಇರುವುದು ಮಂಡ್ಯದ ಸರ್ಕಾರಿ ಖಜಾನೆಯಲ್ಲಿ. ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಹೋಗುವಾಗ ದಾರಿಯುದ್ದಕ್ಕೂ ಹಳ್ಳಿಗಳವರು ರಸ್ತೆಗೆ ಬಂದು ಪೂಜೆ ಮಾಡುತ್ತಾರೆ.

ಮಂಡ್ಯದಿಂದ ಮದ್ದೂರಿನ ದಾರಿಯಲ್ಲಿ ಹನಕೆರೆ ಸಿಗುತ್ತದೆ. 2024ರ ನವೆಂಬರ್‌ನಲ್ಲಿ ಪೇಪರಿನಲ್ಲಿ ಬಂದಿದ್ದ ಊರು. ಅಲ್ಲಿನ ಕಾಲಭೈರವೇಶ್ವರ ದೇವಸ್ಥಾನಕ್ಕೆ ದಲಿತರು ಮೊದಲ ಬಾರಿಗೆ ಒಳಗೆ ಹೋದಾಗ, ಸಿಟ್ಟಾದ ಕೆಲವರು ಉತ್ಸವಮೂರ್ತಿಯನ್ನೇ ಹೊರಗೆ ಎತ್ತಿಕೊಂಡು ಹೋದರು. ಮಾವ ಗಾಡಿ ನಿಧಾನ ಮಾಡಿದರು, ನಿಲ್ಲಿಸಲಿಲ್ಲ. ನೋಡಲು ಹೋಗಿ ಊರಿನವರ ಗಾಯ ಕೆದಕುವುದು ಇಬ್ಬರಿಗೂ ಬೇಡವಾಗಿತ್ತು. ಕೇರಿಯ ಜನ ಕಾಪಾಡಿಕೊಟ್ಟ ಮೂರ್ತಿಯ ಕಥೆ ಕೇಳಿ ಬೆಳೆದ ಜಿಲ್ಲೆ ಇದು. ಇಲ್ಲೇ ಕೇರಿಯ ಜನ ಬಂದರೆಂದು ಮೂರ್ತಿಯನ್ನು ಎತ್ತಿಕೊಂಡು ಹೋದರು. ಇದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಬೊಪ್ಪೇಗೌಡನಪುರ ತಲುಪುವಾಗ ಬಿಸಿಲು ಇಳಿದಿತ್ತು. ಮಳವಳ್ಳಿ ತಾಲ್ಲೂಕಿನ ಈ ಊರಿನಲ್ಲಿ ಜನಪದ ಗುರು ಮಂಟೇಸ್ವಾಮಿಯ ಗದ್ದುಗೆ ಇದೆ. ಮಂಟೇದಸ್ವಾಮಿ, ಧರೆಗೆ ದೊಡ್ಡವರು ಎಂದೆಲ್ಲ ಜನ ಕರೆಯುತ್ತಾರೆ. ಜಗಲಿಯ ಮೇಲೆ ಅವರ ಕಥೆ ಹಾಡುವ ವಯಸ್ಸಾದ ನೀಲಗಾರರೊಬ್ಬರು ಕೂತಿದ್ದರು. ಹಣೆಗೆ ಧೂಳ್ತ ಎಂಬ ಬೂದಿ, ಬೆರಳಿಗೆ ತಾಳದ ಗಗ್ಗರ, ತೊಡೆಯ ಮೇಲೆ ತಂಬೂರಿ. ತಂಬೂರಿಯ ಬುರುಡೆಗೆ ಎಲ್ಲೋ ಸೀಳು ಬಿಟ್ಟು, ಬಟ್ಟೆಯ ಪಟ್ಟಿ ಸುತ್ತಿ ಅಂಟಿಸಿದ್ದರು. ಮಾವ ಕೇಳಿಕೊಂಡ ಮೇಲೆ ಮಂಟೇಸ್ವಾಮಿ ಕಾವ್ಯದ ಕಲ್ಯಾಣದ ಸಾಲು ಎಂಬ ಭಾಗವನ್ನು ಸ್ವಲ್ಪ ಹಾಡಿದರು, ಸ್ವಲ್ಪ ಮಾತಿನಲ್ಲಿ ಹೇಳಿದರು.

ಕಲ್ಯಾಣದಲ್ಲಿ ಬಸವಣ್ಣನವರ ಹತ್ತಿರ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರು. ಇವರಲ್ಲಿ ನಿಜವಾದ ಶರಣರು ಎಷ್ಟು ಎಂದು ಪರೀಕ್ಷೆ ಮಾಡಲು ಮಂಟೇಸ್ವಾಮಿ ಬಂದರು. ಮೈಯೆಲ್ಲ ಹುಣ್ಣು, ಕೀವು, ನೊಣ. ಹತ್ತಿರ ಹೋಗಲಾಗದ ನಾತ. ಬಾಗಿಲು ಕಾಯುವವರು ಒಳಗೆ ಬಿಡಲಿಲ್ಲ, ಹೊಡೆದರು. ಗುರು ಹೋಗಿ ತಿಪ್ಪೆಯ ಮೇಲೆ ಬಿದ್ದುಕೊಂಡರು. ಆಮೇಲೆ ಬಸವಣ್ಣ, ನೀಲಮ್ಮ ಅಲ್ಲಿಗೇ ಬರಬೇಕಾಯಿತು.

"ಗುರು ಎದ್ದು ಒಳಿಕ್ಕೆ ಹೋಗ್ನಿಲ್ಲ ಕನವ್ವಾ" ಎಂದರು ನೀಲಗಾರಪ್ಪ. "ಒಳಗಿದ್ದೋರೇ ತಿಪ್ಪೆ ತಾವ್ಕೆ ಬಂದ್ರು."

ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಮದುವೆ ಮಾಡಿ, ಅದಕ್ಕಾಗಿ ಪ್ರಾಣ ತೆತ್ತವರ ಊರು ಕಲ್ಯಾಣ. ಜಾತಿ ಬೇಡ ಎಂದ ಆ ಊರಿಗೂ ಬಾಗಿಲು ಕಾಯುವವರು ಬಂದುಬಿಟ್ಟಿದ್ದರು ಎಂದು ಈ ಹಾಡು ಹೇಳುತ್ತದೆ. ಬಸವಣ್ಣನವರನ್ನು ಬಯ್ಯಲು ಅಲ್ಲ, ಅವರ ಸುತ್ತ ನೆರೆದವರನ್ನು ಕೇಳಲು. ಇದನ್ನು ಶತಮಾನಗಳಿಂದ ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರಲ್ಲಿ ದಲಿತರು, ಇತರ ಕೆಳಗಿನ ಜಾತಿಯವರೇ ಜಾಸ್ತಿ. ಒಳಗಿದ್ದವರು ಕರುಣೆಯಿಂದ ಬಾಗಿಲು ತೆಗೆದ ಕಥೆ ಮೇಲುಕೋಟೆಯದು. ಹೊರಗೆ ಬಿದ್ದವನೇ ಗುರು ಎಂಬ ಕಥೆ ಇಲ್ಲಿಯದು. ಎರಡನೆಯದೇ ನನಗೆ ಹೆಚ್ಚು ಬೇಕಾದದ್ದು ಅನಿಸುತ್ತದೆ. ಅದರಲ್ಲಿ ಯಾರೂ ಯಾರಿಗೂ ದಿನ ಎಣಿಸಿ ಕೊಡುವುದಿಲ್ಲ.

ಇಲ್ಲಿ ಎಲ್ಲವೂ ಸರಿಯಾಗಿದೆ ಎಂದು ಹೇಳುತ್ತಿಲ್ಲ. ಗದ್ದುಗೆಯ ಪೀಠ ಅರಸು ಸಮುದಾಯದ ಮನೆತನದವರದು, ಹಾಡಿ ಭಿಕ್ಷೆ ಎತ್ತುವವರು ನೀಲಗಾರರು. ಆದರೆ ಇದೇ ಪರಂಪರೆಯ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆ ಎಂದು ಒಂದಿದೆ. ಜನವರಿ ಹುಣ್ಣಿಮೆಗೆ ಜಾತ್ರೆ ಶುರು. ಬಿಡಾರ ಹೂಡಿ, ಅಲ್ಲೇ ಅಡುಗೆ ಮಾಡಿ, ಜಾತಿ ನೋಡದೆ ಸಾಲಾಗಿ ಕೂತು ಮಾಂಸದೂಟ ಉಣ್ಣುತ್ತಾರೆ. ಈಚೆಗೆ ಪ್ರಾಣಿಬಲಿ ನಿಷೇಧದ 1959ರ ಕಾನೂನು ತೋರಿಸಿ ಆಡಳಿತ ತಡೆಯುತ್ತಿದೆ. ಇದು ಬಲಿ ಅಲ್ಲ, ಊಟ ಎನ್ನುತ್ತಾರೆ ಭಕ್ತರು. ನಾನು ಭಕ್ತರ ಪರ. ಒಟ್ಟಿಗೆ ಉಣ್ಣುವ ಒಂದು ಜಾಗವನ್ನು ಕಳೆದುಕೊಳ್ಳುವಷ್ಟು ಶ್ರೀಮಂತಿಕೆ ನಮಗಿಲ್ಲ.

ವಾಪಸ್ ಬರುವಾಗ ಮಾವ ತಮ್ಮ ಸ್ಕೂಲಿನ ವಿಷಯ ತೆಗೆದರು. ಬಿಸಿಯೂಟ ಶುರುವಾದ ಹೊಸದರಲ್ಲಿ ಅಡುಗೆಗೆ ಬಂದಾಕೆ ಕೇರಿಯವರು. ಮಾರನೇ ದಿನದಿಂದ ಕೆಲವು ಮಕ್ಕಳು ಮನೆಯಿಂದ ಡಬ್ಬಿ ತರತೊಡಗಿದವು.

"ನೀವೇನು ಮಾಡಿದ್ರಿ ಮಾವ?"

"ಭಾಷಣ ಗೀಷಣ ಏನೂ ಮಾಡ್ಲಿಲ್ಲ. ತಟ್ಟೆ ತಗೊಂಡು ಡಬ್ಬಿ ತಂದಿದ್ ಮಕ್ಳ ಮಧ್ಯಾನೇ ಕೂತ್ಕೊಂಡೆ. ದಿನಾ ಅಲ್ಲೇ ಉಂಡೆ. ಸಾರು ಚೆನ್ನಾಗಿರೋದು ಕಣವ್ವ, ಆಕೆ ಕೈರುಚಿ ಹಂಗಿತ್ತು. ಮಕ್ಳು ವಾಸನೆ ಹಿಡ್ಕೊಂಡು ಎಷ್ಟು ದಿನ ಸುಮ್ನಿರ್ತಾವೆ? ಒಂದೊಂದೇ ಡಬ್ಬಿ ಕಮ್ಮಿ ಆಯ್ತು."

"ಎಲ್ಲರೂ ಉಂಡರಾ?"

"ಇಲ್ಲ. ಎರಡು ಮನೆಯೋರು ಟಿಸಿ ಇಸ್ಕೊಂಡು ಮಕ್ಳನ್ನ ಬೇರೆ ಸ್ಕೂಲಿಗೆ ಸೇರಿಸಿದ್ರು. ಆ ಮನೆಗಳಿಗೆ ಈಗ್ಲೂ ಹೋಯ್ತೀನಿ. ಬಿಡದೆ ಅದೇ ಮಾತು ತೆಗೀತೀನಿ."